ವಿಶೇಷ ತರಗತಿ

ಇಲಾಖೆಯಿಂದ ಬಂದ ಪತ್ರವನ್ನು ಹೆಡ್‌ಮೇಡಂ ಕಾಶಮ್ಮನವರು ಎರಡನೇ ಸಲ ಗಟ್ಟಿಯಾಗಿ ಓದತೊಡಗಿದರು. ಗೋವಿಂದಮ್ಮನ ಕಿವಿಗೆ ಅದು ಬೀಳುತ್ತಿರಲಿಲ್ಲ. ಮೇಜಿನ ಮೇಲೆ ಪೇಪರ್‌ವೇಟಿನ ಕೆಳಗಿದ್ದ ಎಸ್ಸೆಸ್ಸೆಲ್ಸಿ ಫಲಿತಾಂಶದ ಹಾಳೆ ಫ್ಯಾನಿನ ಗಾಳಿಗೆ ಏಳುತ್ತ ಬೀಳುತ್ತ ಇತ್ತು, ಎದ್ದಾಗಲೆಲ್ಲ ಒಂದೇ ಸಾಲು ಅವಳ ಕಣ್ಣಿಗೆ ಹೊಡೆಯುತ್ತಿತ್ತು. ಜಹನಾರಾ, ಗಣಿತ, ಮೂವತ್ತೊಂದು. ಉಳಿದ ಐದು ವಿಷಯಗಳಲ್ಲಿ ಪಾಸು. ಮೂವತ್ತೈದಕ್ಕೆ ಇನ್ನು ನಾಲ್ಕೇ ನಾಲ್ಕು ಅಂಕ. ನಾಲ್ಕು ಅಂಕ ಎಂದರೆ ಎಷ್ಟು, ಒಂದು ಲೆಕ್ಕ, ಒಂದು ದಿನದ ಪಾಠ. ಅಂಥ ಒಂದಲ್ಲ, ಅರವತ್ತು ದಿನಗಳನ್ನು ತಾನು ಆ ಹುಡುಗಿಯಿಂದ ಕಿತ್ತುಕೊಂಡಿದ್ದೇನೆ ಎಂಬುದು ಈ ಕೋಣೆಯಲ್ಲಿ ತನಗೊಬ್ಬಳಿಗೇ ಗೊತ್ತು. ಪತ್ರ ಮಾತ್ರ ಹೊಗಳುತ್ತಲೇ ಇತ್ತು. ಜಿಲ್ಲಾ ವಸ್ತುಪ್ರದರ್ಶನದಲ್ಲಿ ಶಾಲೆಗೆ ಹೊಲಿಗೆಯಲ್ಲಿ ಪ್ರಥಮ ಸ್ಥಾನ ತಂದುಕೊಟ್ಟ ಶ್ರೀಮತಿ ಗೋವಿಂದಮ್ಮ ಇವರು ಜೂನ್ ತಿಂಗಳಿನಿಂದ ಇತರ ಶಾಲೆಗಳ ಶಿಕ್ಷಕಿಯರಿಗೆ ಕೌಶಲ ಶಿಕ್ಷಣದ ತರಬೇತಿ ನೀಡತಕ್ಕದ್ದು.

"ಕೇಳಿದ್ರಿಲ್ಲೋ ಗೋವಿಂದಮ್ಮಾರ?" ಎಂದರು ಕಾಶಮ್ಮ. ಇಪ್ಪತ್ತು ವರ್ಷ ಹಲಸೂರಿನಲ್ಲಿದ್ದರೂ ಅವರ ಮಾತು ಇನ್ನೂ ವಿಜಾಪುರದ್ದೇ. "ಬಾಯಿಪಾಠ ಸಾಕು, ಇನ್ನ ಮಕ್ಕಳ ಕೈಗೆ ಕೆಲಸಾ ಕಲಸ್ರಿ ಅಂತ ಸರಕಾರನ ಹೇಳಾಕ ಹತ್ತೇತಿ. ನಿಮ್ಮ ಸಲುವಾಗಿ ನಮ್ಮ ಸಾಲಿ ಹೆಸರು ಮ್ಯಾಲ ಬಂತು ನೋಡ್ರಿ."

"ಮೇಡಂ, ಆ ಜಹನಾರಾ ಸಪ್ಲಿಮೆಂಟರಿಗೆ ಅರ್ಜಿ ಕೊಟ್ಟಿಲ್ಲ. ಇವತ್ತು ನಾಲ್ಕು ಗಂಟೆಗೆ ಮುಗಿದುಹೋಗತ್ತೆ."

"ಕೊಡದಿದ್ರ ಬಿಡ್ರಿ. ಅಕೀಗೆ ಯಾಕ ಬೇಕು ಲೆಕ್ಕ? ಕೈಯಾಗ ಬಂಗಾರದಂಥ ಕಸಬೈತಿ. ನಿಮ್ಮ ತರಬೇತಿಗೆ ಅಕೀನ್ನ ಜೋಡಿ ಕರಕೊಂಡು ಹೋಗ್ರಿ. ಹೊಲದು ತೋರಸಾಕ ನಿಮಗೂ ಒಬ್ಬಾಕಿ ಬೇಕಲ್ಲ."

ನಿಮಗೂ ಒಬ್ಬಾಕಿ ಬೇಕಲ್ಲ. ಅದನ್ನು ಹೇಳುವಾಗ ಕಾಶಮ್ಮ ನಕ್ಕರೋ ಇಲ್ಲವೋ ತಿಳಿಯಲಿಲ್ಲ. ಅವರಿಗೆ ಗೊತ್ತಿರಬಹುದೆ? ಗೊತ್ತಿದ್ದೇ ಇಷ್ಟು ವರ್ಷ ಸುಮ್ಮನಿದ್ದಾರೆಯೆ? ಗೋವಿಂದಮ್ಮ ಎದ್ದಳು. ಅರ್ಜಿಯ ಒಂದು ಖಾಲಿ ಹಾಳೆಯನ್ನು ಗುಮಾಸ್ತೆಯ ಮೇಜಿನಿಂದ ತೆಗೆದು ಬ್ಯಾಗಿಗೆ ಹಾಕಿಕೊಂಡು, ಹೊಟ್ಟೆನೋವು ಎಂದು ಸುಳ್ಳು ಹೇಳಿ ಹೊರಬಿದ್ದಳು. ಗೇಟು ದಾಟಿದ ಮೇಲೆ ಸಿಟ್ಟು ಬಂತು, ಯಾವಾಗಲೂ ಹಾಗೆಯೇ, ಅವಳ ಸಿಟ್ಟು ಗೇಟು ದಾಟಿದ ಮೇಲೆಯೇ ಬರುವುದು. ಜಹನಾರಾಗೆ ಲೆಕ್ಕ ಯಾಕೆ ಎನ್ನುವ ಈ ಹೆಂಗಸು ತನ್ನ ಮಗಳು ವೈಷ್ಣವಿಯನ್ನು ಬೆಳಗಿನ ಐದಕ್ಕೆ ಎಬ್ಬಿಸಿ ಲೆಕ್ಕದ ಟ್ಯೂಷನ್ನಿಗೆ ಇಂದಿರಾನಗರಕ್ಕೆ ಅಟ್ಟುತ್ತಾಳೆ. ಆ ಹುಡುಗಿಗೆ ಬಿದ್ದ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ, ಬರಬೇಕೆಂದು ಯಾವ ಸುತ್ತೋಲೆಯೂ ಅವರ ಮನೆಗೆ ಹೋಗುವುದಿಲ್ಲ. ಯಾರ ಮಗಳಿಗೆ ಲೆಕ್ಕ, ಯಾರ ಮಗಳಿಗೆ ಸೂಜಿ ಎಂಬುದನ್ನು ಸರಕಾರ ಎಲ್ಲೂ ಬರೆದಿಲ್ಲ, ಬರೆಯದೆಯೇ ಎಲ್ಲರಿಗೂ ಗೊತ್ತಿದೆ. ಹೀಗೆಲ್ಲ ಮನಸ್ಸಿನಲ್ಲೇ ಕಾಶಮ್ಮನನ್ನು ಬೈಯುತ್ತ ಬಸ್ಸು ಹತ್ತಿದವಳಿಗೆ, ಸೀಟು ಸಿಕ್ಕಿ ಕೂತ ಮೇಲೆ, ತಾನು ಬೈಯುತ್ತಿರುವುದು ಬರೀ ತನ್ನ ಪಾಲನ್ನು ಕಡಿಮೆ ಮಾಡಿಕೊಳ್ಳಲಿಕ್ಕೆ ಎಂದು ಗೊತ್ತಾಗಿ ಬಾಯಿ ಕಹಿಯಾಯಿತು.

ಶಿವಾಜಿನಗರ ಇಪ್ಪತ್ತು ನಿಮಿಷದ ದಾರಿ. ಅಷ್ಟರೊಳಗೆ ಒಂದು ವಾಕ್ಯವನ್ನು ಸಿದ್ಧಮಾಡಿಕೊಳ್ಳಬೇಕಿತ್ತು. ಖಾದರ್ ಭಾಯ್, ನಿಮ್ಮ ಮಗಳು ಆ ಮೂರು ತಿಂಗಳು ಸ್ಪೆಷಲ್ ಕ್ಲಾಸಿನಲ್ಲಿ ಇರಲಿಲ್ಲ, ನನ್ನ ಕೋಣೆಯಲ್ಲಿ ಕೂತು ಪ್ರದರ್ಶನಕ್ಕೆ ಬಟ್ಟೆ ಹೊಲಿಯುತ್ತಿದ್ದಳು. ಇಷ್ಟೇ. ಇಷ್ಟು ಹೇಳಿದರೆ ಅವರು ಯಾಕೆ ಎಂದು ಕೇಳುತ್ತಾರೆ. ಟೀಚರ್ ನೀವೇ ಇದ್ದೀರಲ್ಲ, ನೀವು ಯಾಕೆ ಹೊಲಿಯಲಿಲ್ಲ ಎಂದು ಕೇಳುತ್ತಾರೆ. ಅದಕ್ಕೆ ಇನ್ನೊಂದು ವಾಕ್ಯ ಬೇಕು, ಆ ವಾಕ್ಯವನ್ನು ಗೋವಿಂದಮ್ಮ ಗಂಡನಿಗೂ ಹೇಳಿದವಳಲ್ಲ. ಅವಳಿಗೆ ಹೊಲಿಯಲು ಬರುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಹೊಲಿಗೆ ಟೀಚರ್ ಆಗಿರುವವಳಿಗೆ ಒಂದು ಲಂಗದ ಅಂಚು ನೆಟ್ಟಗೆ ಮಡಿಸಿ ಹಾಕಲು ಬರುವುದಿಲ್ಲ. ತಾನು ಟೀಚರ್ ತರಬೇತಿಗೆ ಓದುತ್ತಿದ್ದ ವರ್ಷ, ಕೆ.ಆರ್. ಪುರದ ಮನೆಯಲ್ಲಿ, ಚಿಕ್ಕಮ್ಮ ಬೈರಮ್ಮ ಚಾಪೆಯ ಮೇಲೆ ಕೂತು ಇವಳ ಮಾದರಿ ಫೈಲಿನ ಬಟ್ಟೆಚೂರುಗಳನ್ನೆಲ್ಲ ಒಂದೊಂದಾಗಿ ಹೊಲಿದುಕೊಟ್ಟಿದ್ದಳು, ಇವಳು ಅವನ್ನು ಡ್ರಾಯಿಂಗ್ ಹಾಳೆಗೆ ಅಂಟಿಸಿ ಕೆಳಗೆ ದುಂಡಗೆ ಹೆಸರು ಬರೆದಿದ್ದಳು. ನಿನಗ್ಯಾಕಮ್ಮ ಈ ಕಷ್ಟ, ನೀನು ಓದ್ಕೋ ಹೋಗು, ಎಂದಿದ್ದಳು ಸಹಿ ಹಾಕಲೂ ಬಾರದ ಬೈರಮ್ಮ. ಪರೀಕ್ಷಕರು ಫೈಲು ತಿರುವಿಹಾಕಿ, ಸೂಜಿ ಕೈಗೆ ಕೊಡದೆ, ಕಾಜಾ ಎಂದರೇನು, ಅದರಲ್ಲಿ ಎಷ್ಟು ವಿಧ, ಎಂದು ಕೇಳಿದ್ದರು. ಗೋವಿಂದಮ್ಮ ಉಸಿರು ಬಿಡದೆ ಹೇಳಿದ್ದಳು. ಮೊದಲ ದರ್ಜೆ ಬಂದಿತ್ತು.

ಕೆಲಸಕ್ಕೆ ಸೇರಿದ ಮೇಲೂ ಅದೇ ನಡೆಯಿತು. ಮೂರು ಹೊಲಿಗೆ ಯಂತ್ರಗಳಿದ್ದವು, ಮೂರಕ್ಕೂ ಕವರು ಹಾಕಿ ಬೀಗ ಹಾಕಿದ್ದಳು, ಮಕ್ಕಳು ಕೆಡಿಸುತ್ತಾರೆ ಎಂದು. ಮಕ್ಕಳು ನೋಟ್ಸ್ ಬರೆದುಕೊಳ್ಳುತ್ತಿದ್ದರು. ಹೊಲಿಗೆ ಯಂತ್ರದ ಭಾಗಗಳು, ಚಿತ್ರ ಸಹಿತ. ಗುಂಡಿಯನ್ನು ತೂರಿಸಲು ಬಟ್ಟೆಯನ್ನು ಕತ್ತರಿಸಿ ದಾರದಿಂದ ಅಂಚು ಕಟ್ಟಿದ ಸೀಳಿಗೆ ಕಾಜಾ ಎನ್ನುತ್ತಾರೆ, ಎರಡು ಅಂಕ. ಹಾಗೆ ಬರೆದು ಬರೆದು ಸಾವಿರಾರು ಹುಡುಗಿಯರು ಪಾಸಾಗಿ ಹೋದರು, ಒಬ್ಬಳೂ ಒಂದು ಕಾಜಾ ಹಾಕಲಿಲ್ಲ, ಒಬ್ಬರೂ ಕೇಳಲಿಲ್ಲ. ಈಗ ಬಾಯಿಪಾಠ ತಪ್ಪು, ಮಾಡಿ ಕಲಿಯಬೇಕು ಎಂದು ಸುತ್ತೋಲೆ ಬಂದಿದೆ. ಸುತ್ತೋಲೆಯನ್ನೂ ಅವಳು ಬಾಯಿಪಾಠ ಮಾಡಿಬಿಟ್ಟಿದ್ದಾಳೆ, ಎರಡನೇ ಪ್ಯಾರಾವನ್ನು ಈಗ ಕೇಳಿದರೂ ತಪ್ಪಿಲ್ಲದೆ ಒಪ್ಪಿಸುತ್ತಾಳೆ. ಬಸ್ಸಿನಲ್ಲಿ ಒಬ್ಬಳೇ ನಕ್ಕಳು. ಪಕ್ಕದಲ್ಲಿ ಮಡಿಲಲ್ಲಿ ಸೊಪ್ಪಿನ ಚೀಲ ಇಟ್ಟುಕೊಂಡಿದ್ದ ಹೆಂಗಸು ತಿರುಗಿ ನೋಡಿದಳು.

ಒಂಬತ್ತನೇ ತರಗತಿಯಲ್ಲಿ, ಮೂರನೇ ಬೆಂಚಿನಿಂದ, ಎಣ್ಣೆ ಹಾಕಿ ಬಿಗಿಯಾಗಿ ಎರಡು ಜಡೆ ಹಾಕಿದ್ದ ಹುಡುಗಿ ಎದ್ದು ನಿಂತು ಕೇಳಿದ್ದಳು. "ಮೇಡಂ, ಕಾಜಾಗೆ ಮೊದಲೇ ಕತ್ತರಿಸ್ಬಿಡೋದಾ, ಇಲ್ಲಾ ಸುತ್ತ ಒಂದು ಸಾಲು ಹೊಲಿಗೆ ಹಾಕಿ ಆಮೇಲೆ ಕತ್ತರಿಸೋದಾ? ಮೊದಲೇ ಕತ್ತರಿಸಿದ್ರೆ ನೂಲು ಬಿಟ್ಕೊಳ್ಳತ್ತಲ್ಲ?" ನೋಟ್ಸಿನಲ್ಲಿ ಅದಿರಲಿಲ್ಲ. ಆದರೆ ಇಪ್ಪತ್ತು ವರ್ಷದ ಅಭ್ಯಾಸ ಗೋವಿಂದಮ್ಮನನ್ನು ಕೈಬಿಡಲಿಲ್ಲ. "ಒಳ್ಳೇ ಪ್ರಶ್ನೆ. ನೀನು ಹೇಗೆ ಮಾಡ್ತೀಯ, ಬಂದು ಎಲ್ಲರಿಗೂ ತೋರಿಸು," ಎಂದಳು. ಜಹನಾರಾ ಬಂದು ತೋರಿಸಿದಳು. ಆ ಬೆರಳುಗಳು ಬಟ್ಟೆಯ ಮೇಲೆ ಓಡಾಡಿದ್ದನ್ನು ನೋಡುತ್ತ ಗೋವಿಂದಮ್ಮನಿಗೆ ಮೊದಲು ಆದದ್ದು ಸಂತೋಷವಲ್ಲ, ಮೆಚ್ಚುಗೆಯೂ ಅಲ್ಲ. ಸದ್ಯ, ಬೈರಮ್ಮ ಸತ್ತ ಮೇಲೆ ಯಾರೂ ಇರಲಿಲ್ಲ, ಇವಳು ಸಿಕ್ಕಿದಳು ಎಂಬ ನಿರಾಳ.

ಜಹನಾರಾಳ ಅಪ್ಪ ಖಾದರ್ ಟೈಲರ್. ಮಗಳನ್ನು ಸೇರಿಸಲು ಬಂದ ದಿನ ಗೋವಿಂದಮ್ಮನೇ ಅರ್ಜಿ ತುಂಬಿಸಿಕೊಂಡಿದ್ದಳು, ನಮ್ಮಲ್ಲಿ ಹೊಲಿಗೆಯೂ ಕಲಿಸುತ್ತೇವೆ ಎಂದು ಹೆಮ್ಮೆಯಿಂದ ಹೇಳಿದ್ದಳು. ಆತ ವಿನಯದಿಂದಲೇ ಕೈ ಅಡ್ಡ ಆಡಿಸಿದ್ದ. "ಹೊಲಿಗೆ ನಮ್ಮ ಮನೇಲೇ ಇದೆ ಮೇಡಂ, ನಮ್ಮ ಅಬ್ಬಾ ಕಾಲದಿಂದ ಇದೆ. ನಮ್ಮಲ್ಲಿ ಇಲ್ಲದ್ದನ್ನ ಕಲಿಸಿ ಅಂತ ಕಳಿಸ್ತಿದೀನಿ." ಆ ಮಾತು ನೆನಪಿದ್ದದ್ದರಿಂದಲೇ, ಹತ್ತನೇ ತರಗತಿಯ ಡಿಸೆಂಬರಿನಲ್ಲಿ ಪ್ರದರ್ಶನಕ್ಕೆ ನಲವತ್ತು ಉಡುಪು ಬೇಕು ಎಂದು ಕಾಶಮ್ಮ ಹೇಳಿದಾಗ, ಖಾದರ್ ಒಪ್ಪುವುದಿಲ್ಲ ಎಂದು ಗೊತ್ತಿದ್ದೇ, ಗೋವಿಂದಮ್ಮ ಒಂದು ಚೀಟಿ ಬರೆದು ಮನೆಗೆ ಕಳಿಸಿದಳು. ನಿಮ್ಮ ಮಗಳಿಗೆ ಇಂದಿನಿಂದ ಪ್ರತಿದಿನ ಸಂಜೆ ಐದೂವರೆಯವರೆಗೆ ವಿಶೇಷ ತರಗತಿ ಇರುತ್ತದೆ. ಹತ್ತನೇ ತರಗತಿಯ ಎಲ್ಲ ಮಕ್ಕಳಿಗೂ ವಿಶೇಷ ತರಗತಿ ಇರುತ್ತದೆ, ಯಾವ ಅಪ್ಪ ಅನುಮಾನಪಡುತ್ತಾನೆ? ಜಹನಾರಾಗೂ ಹೇಳಿದ್ದಳು, ಮನೇಲಿ ಕೇಳಿದ್ರೆ ಸ್ಪೆಷಲ್ ಕ್ಲಾಸು ಅನ್ನು, ಇದೂ ಒಂಥರಾ ಸ್ಪೆಷಲ್ ಕ್ಲಾಸೇ ಅಲ್ವಾ? ಹುಡುಗಿ ತಲೆಯಾಡಿಸಿದಳು. ಟೀಚರ್ ಹೇಳಿದ್ದು ಸುಳ್ಳಾಗುವುದು ಹೇಗೆ.

ನಿಜವಾದ ವಿಶೇಷ ತರಗತಿ ಗೋಡೆಯ ಆಚೆಗೇ ನಡೆಯುತ್ತಿತ್ತು. ಮುನಿರಾಜು ಮೇಷ್ಟ್ರ ಗಂಟಲು ದೊಡ್ಡದು, ಪರಿಧಿ ಎಂದರೆ ಎರಡು ಪೈ ಆರ್, ಎಲ್ಲರೂ ಹೇಳಿ, ಎರಡು ಪೈ ಆರ್ ಎಂದು ಅವರು ಕೂಗುವುದೂ ಮಕ್ಕಳು ತಿರುಗಿ ಕೂಗುವುದೂ ಇಲ್ಲಿಗೆ ಕೇಳುತ್ತಿತ್ತು. ಈಚೆ ಕಡೆ ಜಹನಾರಾ ಚಾಪೆಯ ಮೇಲೆ ಬಟ್ಟೆ ನಾಲ್ಕು ಮಡಿಕೆ ಮಡಿಸಿ ಛತ್ರಿ ಫ್ರಾಕು ಕತ್ತರಿಸುತ್ತಿದ್ದಳು. ಸೊಂಟದ ಸುತ್ತಳತೆ ಇಪ್ಪತ್ತನಾಲ್ಕು ಇಂಚು, ಆರರಿಂದ ಭಾಗಿಸಿದರೆ ನಾಲ್ಕು, ಅದರಲ್ಲಿ ಚೂರು ಕಮ್ಮಿ ಮಾಡಿ, ಮೂಲೆಯಿಂದ ಟೇಪು ಹಿಡಿದು ಕಮಾನು ಎಳೆದಳು. ಎಳೆದವಳು ಸೀಮೆಸುಣ್ಣ ಹಿಡಿದುಕೊಂಡೇ ತಲೆಯೆತ್ತಿದಳು. "ಮೇಡಂ, ಯಾವಾಗ್ಲೂ ಆರರಿಂದಾನೇ ಯಾಕೆ ಭಾಗಿಸೋದು? ಚೂರು ಕಮ್ಮಿ ಯಾಕೆ?" "ಅದು ಹಾಗೇ ಕಣೆ, ರೂಢಿ," ಎಂದಳು ಗೋವಿಂದಮ್ಮ. "ಅಬ್ಬಾನೂ ಹಂಗೇ ಅಂತಾರೆ," ಎಂದು ಹುಡುಗಿ ಮತ್ತೆ ಬಗ್ಗಿದಳು. ಗೋಡೆಯಾಚೆ ಎರಡು ಪೈ ಆರ್ ಎಂದು ಐವತ್ತು ಮಕ್ಕಳು ಕೂಗುತ್ತಿದ್ದರು, ಅವರಲ್ಲಿ ಒಬ್ಬರೂ ಫ್ರಾಕು ಕತ್ತರಿಸುವುದನ್ನು ಕಂಡವರಲ್ಲ, ಈಚೆ ಕಡೆ ಫ್ರಾಕು ಕತ್ತರಿಸುವವಳಿಗೆ ಪೈ ಎಂಬುದು ಕಿವಿಗೆ ಬಿದ್ದ ಗದ್ದಲ. ಆರಕ್ಕಿಂತ ಚೂರು ಹೆಚ್ಚೇ ಅದು, ಎರಡು ಪೈ ಎಂದರೆ ಅದೇ, ಎಂದು ಆಮೇಲೆ, ಪರೀಕ್ಷೆಯೆಲ್ಲ ಮುಗಿದ ಮೇಲೆ, ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿಯುತ್ತ ಮುನಿರಾಜು ಮೇಷ್ಟ್ರು ಹೇಳಿದಾಗ ಗೋವಿಂದಮ್ಮನಿಗೆ ಗೊತ್ತಾಯಿತು. ಪ್ರಶ್ನೆಪತ್ರಿಕೆಯಲ್ಲಿ ಅದೇ ಬಂದಿತ್ತಂತೆ, ಪರಿಧಿ ಕೊಟ್ಟು ತ್ರಿಜ್ಯ ಕೇಳಿದ್ದರಂತೆ, ನಾಲ್ಕು ಅಂಕಕ್ಕೆ. "ನಿಮ್ಮ ಹುಡುಗಿ ಕ್ಲಾಸಿಗೇ ಬರ್ಲಿಲ್ವಲ್ಲ ಮೇಡಂ. ಎರಡು ಸಲ ಹೇಳಿ ಕಳಿಸ್ದೆ," ಎಂದರು ಅವರು. ಎರಡು ಸಲ ಹೇಳಿ ಸುಮ್ಮನಾಗಿದ್ದರು, ಪ್ರದರ್ಶನದ ಫೋಟೋದಲ್ಲಿ ತಾವೂ ನಿಂತಿದ್ದರು.

ಬಸ್ ನಿಲ್ದಾಣದಲ್ಲಿ ಇಳಿದಾಗ ಮೂರಕ್ಕೆ ಹತ್ತು ನಿಮಿಷ. ಮೇ ತಿಂಗಳ ಬಿಸಿಲು ತಲೆ ಸೀಳುತ್ತಿತ್ತು. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಲೈನಿಂಗ್ ಬಟ್ಟೆ ಮಾರುವ ಅಂಗಡಿಯ ಜಗಲಿಯಲ್ಲಿ ಖಾದರ್‌ನ ಜಾಗ. ಹಿಂದೊಮ್ಮೆ ನೋಡಿದಾಗ ಅಲ್ಲಿ ಒಂದೇ ಯಂತ್ರವಿತ್ತು. ಈಗ ಪಕ್ಕದಲ್ಲಿ ಇನ್ನೊಂದು. ಅದರ ಮುಂದೆ ಜಹನಾರಾ ಕೂತಿದ್ದಳು, ತಲೆಯ ಮೇಲೆ ದುಪಟ್ಟಾ ಹೊದ್ದು, ಯೂನಿಫಾರ್ಮ್ ಇಲ್ಲದೆ ಹತ್ತು ವರ್ಷ ದೊಡ್ಡವಳಂತೆ. ಗೋವಿಂದಮ್ಮನನ್ನು ಕಂಡು ಎದ್ದು ನಿಂತಳು, ತರಗತಿಯಲ್ಲಿ ನಿಲ್ಲುವ ಹಾಗೆಯೇ. ಖಾದರ್ ಕೊರಳಲ್ಲಿದ್ದ ಟೇಪು ತೆಗೆದಿಟ್ಟು, ಸ್ಟೂಲಿನ ಮೇಲಿನ ಬಟ್ಟೆಚೂರು ಕೊಡವಿ, "ಬನ್ನಿ ಬನ್ನಿ ಮೇಡಂ, ಇಷ್ಟು ಬಿಸಿಲಲ್ಲಿ! ಕೂತ್ಕೊಳ್ಳಿ, ಚಾ ತರ್ತೀನಿ," ಎಂದು, ಬೇಡವೆಂದರೂ ಕೇಳದೆ ಗಲ್ಲಿಯ ಮೂಲೆಗೆ ಹೋದ.

ಗೋವಿಂದಮ್ಮ ಅರ್ಜಿ ಹೊರತೆಗೆದಳು. "ಯಾಕೆ ಬರ್ಲಿಲ್ಲ ನೀನು? ಇವತ್ತೇ ಕಡೇ ದಿನ ಗೊತ್ತಿಲ್ವಾ?"

"ಅಬ್ಬಾ ಬೇಡ ಅಂತಾರೆ ಮೇಡಂ." ಹುಡುಗಿ ಗಲ್ಲಿಯ ಕಡೆ ಒಂದು ಸಲ ನೋಡಿ ದನಿ ತಗ್ಗಿಸಿದಳು. "ಮೂರು ತಿಂಗಳು ಸ್ಪೆಷಲ್ ಕ್ಲಾಸಲ್ಲಿ ಕೂತ್ರೂ ಫೇಲಾದ್ಲು, ಇವಳ ತಲೇಗೆ ಲೆಕ್ಕ ಹತ್ತಲ್ಲ ಅಂತ. ನಾನು ಈಗ ಹೇಳಿದ್ರೆ ಫೇಲಾಗಿದ್ದಕ್ಕೆ ನೆಪ ಹೇಳ್ತಿದಾಳೆ ಅಂತಾರೆ. ನೀವು ಹೇಳಿ ಮೇಡಂ. ನೀವು ಹೇಳಿದ್ರೆ ನಂಬ್ತಾರೆ, ಸೈನ್ ಹಾಕ್ತಾರೆ."

ಅಷ್ಟು ಸಲೀಸಾಗಿ ಹೇಳಿಬಿಟ್ಟಳು. ದೂರಲಿಲ್ಲ, ಅಳಲಿಲ್ಲ, ಒಂದು ದಾರದ ಉಂಡೆ ಕೇಳುವ ಹಾಗೆ ಕೇಳಿದಳು. ಅದಕ್ಕೇ ಬಂದಿದ್ದೀನಿ ಕಣೆ, ಎನ್ನಬೇಕೆಂದುಕೊಂಡ ಗೋವಿಂದಮ್ಮ ಬರೀ ತಲೆಯಾಡಿಸಿದಳು. ಹೇಳಿದರೆ ಈತ ಮಗಳನ್ನು ಸುಳ್ಳುಗಾತಿ ಅಂದುಕೊಳ್ಳುವುದಿಲ್ಲವೆ? ಮೂರು ತಿಂಗಳು ಅಪ್ಪನಿಗೆ ಮೋಸ ಮಾಡಿದಳು ಅಂತ ಹೊಡೆದರೆ? ಮಗುವಿನ ಹೆಸರು ಯಾಕೆ ಕೆಡಿಸಬೇಕು? ಈ ಯೋಚನೆ ಬಂದ ಕೂಡಲೆ ಎದೆ ಎಷ್ಟು ಹಗುರವಾಯಿತೆಂದರೆ, ಅದು ಮಗುವಿನ ಮೇಲಿನ ಕನಿಕರವಲ್ಲ ಎಂದು ಆ ಹಗುರದಿಂದಲೇ ಅವಳಿಗೆ ಗೊತ್ತಾಯಿತು. ಜೂನ್ ತಿಂಗಳಿನ ತರಬೇತಿ ಕಣ್ಣ ಮುಂದೆ ಬಂತು. ಅರವತ್ತು ಜನ ಟೀಚರುಗಳು ಸಾಲಾಗಿ ಕೂತಿದ್ದಾರೆ, ಮಾಡಿ ತೋರಿಸಿ ಮೇಡಂ ಎನ್ನುತ್ತಿದ್ದಾರೆ. ಪಕ್ಕದಲ್ಲಿ ಈ ಹುಡುಗಿ ಇಲ್ಲದಿದ್ದರೆ ಏನು ಗತಿ. ಇಲ್ಲ, ಹಾಗಲ್ಲ, ಹೇಳಿಯೇ ಬಿಡುತ್ತೇನೆ, ಆತ ಬಂದು ಕೂತ ಕೂಡಲೆ ಮೊದಲ ಮಾತೇ ಅದು. ಕುತ್ತಿಗೆಯ ಹಿಂದೆ ಬೆವರು ಹರಿಯುತ್ತಿತ್ತು, ಸೆರಗಿನಿಂದ ಒರೆಸಿಕೊಂಡಳು.

ಖಾದರ್ ಎರಡು ಗ್ಲಾಸು ಹಿಡಿದು ಬಂದ. ಕೂರಲಿಲ್ಲ, ಟೀಚರ್ ಮುಂದೆ ನಿಂತೇ ಇದ್ದ. ಅರ್ಜಿಯನ್ನು ನೋಡಿ ಅರ್ಥಮಾಡಿಕೊಂಡ. "ಬಯ್ಯಲಿಲ್ಲ ಮೇಡಂ, ಒಂದು ಮಾತೂ ಅನ್ಲಿಲ್ಲ ಇವಳಿಗೆ. ತಪ್ಪು ನಂದೇ. ನಾನು ನಾಲ್ಕನೇ ಕ್ಲಾಸು, ನನ್ನ ಮಗಳಾದ್ರೂ ಟೀಚರ್ ಆಗ್ಲಿ ಅಂತ ಆಸೆ ಪಟ್ಟೆ. ಹೋಗ್ಲಿ. ನಿಮ್ಮನ್ನ ಮಾತ್ರ ಮರೆಯಲ್ಲ. ಸ್ವಂತ ಮಗಳ ಥರ ದಿನಾ ಐದೂವರೆ ತನಕ ಕೂರಿಸ್ಕೊಂಡು ಹೇಳಿಕೊಟ್ರಿ. ಈ ಕಾಲದಲ್ಲಿ ಯಾರು ಮಾಡ್ತಾರೆ?"

"ಹಾಗೇನಿಲ್ಲ ಖಾದರ್ ಭಾಯ್..." ಎಂದಳು ಗೋವಿಂದಮ್ಮ. ಬಿಸಿ ಚಹಾ ನಾಲಿಗೆ ಸುಟ್ಟಿತು. ಬೆಳಗಿನಿಂದ ಇದು ಎರಡನೇ ಹೊಗಳಿಕೆ. "ಹಾಗೇನಿಲ್ಲ. ಹುಡುಗಿ ಹುಷಾರು. ಇನ್ನೊಂದು ಸಲ ಕಟ್ಟಿಸಿ ನೋಡಿ."

"ನಿಮ್ಮ ದೊಡ್ಡ ಮನಸ್ಸು, ಹೇಳ್ತೀರ. ಒಂದು ಕೇಳ್ತೀನಿ, ನನ್ನ ಮುಖ ನೋಡ್ಬೇಡಿ, ನಿಜ ಹೇಳ್ಬಿಡಿ. ನಿಮ್ಮ ಕಣ್ಣೆದುರಿಗೆ ಮೂರು ತಿಂಗಳು ಕೂತಿದ್ಲು. ಇವಳಿಗೆ ಲೆಕ್ಕ ಬರತ್ತಾ?"

ಜಹನಾರಾ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಂತು ಗೋವಿಂದಮ್ಮನ ಬಾಯಿಯನ್ನೇ ನೋಡುತ್ತಿದ್ದಳು. ವಾಕ್ಯ ಸಿದ್ಧವಾಗಿತ್ತು, ಒಂದು ಅಕ್ಷರ ತಪ್ಪಿಲ್ಲದೆ ನೆನಪಿತ್ತು, ಇಪ್ಪತ್ತೆರಡು ವರ್ಷ ನೆನಪಿನಿಂದಲೇ ಬದುಕಿದವಳಿಗೆ ಮರೆಯುವುದು ಹೇಗೆ. ನೆನಪಿರುವುದನ್ನು ಮಾಡಲು ಬರಲಿಲ್ಲ, ಅಷ್ಟೇ. ಗಲ್ಲಿಯಲ್ಲಿ ಯಾರೋ ಗಾಡಿಯವನು ಬದಿಗೆ ಸರಿಯಿರೆಂದು ಉರ್ದುವಿನಲ್ಲಿ ಕೂಗಿದ. ಅವನು ದಾಟಿಹೋಗುವವರೆಗೆ ಸಮಯವಿತ್ತು, ಅವನು ದಾಟಿಹೋದ.

"ಪ್ರಯತ್ನಪಟ್ಟರೆ..." ಎಂದಳು.

"ಗೊತ್ತಾಯ್ತು ಬಿಡಿ ಮೇಡಂ." ಖಾದರ್ ನಿಟ್ಟುಸಿರಿಟ್ಟ, ಆಮೇಲೆ ಬೇಸರ ತೋರಿಸುವುದು ಮರ್ಯಾದೆಯಲ್ಲವೆಂಬಂತೆ ಮುಖ ಅರಳಿಸಿಕೊಂಡು, ಮಗಳ ಯಂತ್ರದ ಮೇಲಿದ್ದ ಹಸಿರು ರವಿಕೆಯನ್ನು ತೆಗೆದು ಗೋವಿಂದಮ್ಮನ ಮಡಿಲಲ್ಲಿ ಹಾಕಿದ. "ಇದನ್ನ ನೋಡಿ. ಈ ವಿದ್ಯೆಯಲ್ಲಿ ನೀವು ಜಿಲ್ಲೆಗೇ ಫಸ್ಟಂತೆ, ಇವಳು ಹೇಳಿದ್ಲು. ನಾನು ಅಪ್ಪ, ನನಗೆ ಮಗಳದ್ದೆಲ್ಲ ಚೆಂದಾನೇ ಕಾಣ್ಸತ್ತೆ. ನೀವು ಟೀಚರ್. ನೀವು ಹೇಳಿದ ಮೇಲೆ ನಾನು ಇನ್ನು ಯೋಚನೆ ಮಾಡಲ್ಲ, ಇವಳೂ ಮಾಡೋದು ಬೇಡ. ಹೇಳಿ, ಇದರಲ್ಲಾದ್ರೂ ಪಾಸಾ?"

ಗೋವಿಂದಮ್ಮ ರವಿಕೆಯನ್ನು ತಿರುಗಿಸಿ ಒಳಮೈ ನೋಡಿದಳು, ಪರೀಕ್ಷಕರು ಹಾಗೆ ನೋಡುತ್ತಾರೆ. ಕುತ್ತಿಗೆಯ ಪಟ್ಟಿಯ ಮೇಲೆ ಬೆರಳಾಡಿಸಿದಳು. ಎಲ್ಲಿ ಶುರುವಾಗಿ ಎಲ್ಲಿ ಮುಗಿದಿದೆ ಎಂದು ಬೆರಳಿಗೆ ಸಿಗಲಿಲ್ಲ. ಇದು ಫೇಲು, ಈ ಹುಡುಗಿ ಇದಕ್ಕೆ ತಕ್ಕವಳಲ್ಲ, ಇವಳನ್ನು ಓದಿಸಿ ಎಂದು ಒಂದು ಸುಳ್ಳಾದರೂ ಹೇಳಬಹುದಿತ್ತು ಎಂದು ಅವಳಿಗೆ ಹೊಳೆದದ್ದು ಆಮೇಲೆ, ವಾಪಸು ಬಸ್ಸಿನಲ್ಲಿ. ಜೀವಮಾನವೆಲ್ಲ ಅಷ್ಟು ಸುಳ್ಳು ಹೇಳಿದವಳಿಗೆ ಬೇಕಾದಾಗ ಒಂದು ಸಿಗಲಿಲ್ಲ.

"ಪಾಸು," ಎಂದಳು. "ತುಂಬಾ ಚೆನ್ನಾಗಿದೆ."

"ಸುನೀ ಕ್ಯಾ ಬೇಟಿ?" ಎಂದು ಖಾದರ್ ಮಗಳ ಕಡೆ ತಿರುಗಿದ, ಅವನ ದನಿಯಲ್ಲಿ ಎಷ್ಟೋ ದಿನಗಳ ಮೇಲೆ ಸಮಾಧಾನವಿತ್ತು. "ಕೇಳಿದ್ಯಲ್ಲ, ನಿಮ್ಮ ಮೇಡಮ್ಮೇ ಹೇಳಿದ್ರು."

ಜಹನಾರಾ ಕೇಳಿಸಿಕೊಂಡಿದ್ದಳು. ಗೋವಿಂದಮ್ಮನ ಮುಖವನ್ನು ಇನ್ನು ನೋಡಲಿಲ್ಲ. ಕೂತು, ಸೂಜಿಗೆ ದಾರ ಪೋಣಿಸಿ, ಕೈ ಮುಂದೆ ಚಾಚಿದಳು.

"ರವಿಕೆ ಕೊಡಿ ಮೇಡಂ," ಎಂದಳು. "ಗಿರಾಕಿ ನಾಲ್ಕು ಗಂಟೆಗೆ ಬರ್ತಾರೆ."